ಪ್ರಶ್ನೆ ಕೇಳಿದವರೆಲ್ಲ ದೇವರನ್ನು ಬಿಟ್ಟವರಲ್ಲ

ಹೋಳಿ ಹುಣ್ಣಿಮೆಯಾದ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ತೇರು ಕದಲಿದ ಕೂಡಲೇ ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ಹಾರಿ ಬರುತ್ತವೆ. ಆ ಗದ್ದಲದಲ್ಲಿ ನಿಂತ ಹುಡುಗನೊಬ್ಬ, "ಮುತ್ಯಾ, ತೇರಿಗಿ ಉತ್ತತ್ತಿ ಯಾಕ ಒಗೀತಾರ?" ಎಂದು ಕೇಳಿದ ಎಂದಿಟ್ಟುಕೊಳ್ಳಿ. ವಾಕ್ಯ ಒಂದೇ, ಆದರೆ ಅದರೊಳಗೆ ಕನಿಷ್ಠ ನಾಲ್ಕು ಪ್ರಶ್ನೆ ಇರಬಹುದು. ಈ ರೂಢಿ ಹೇಗೆ ಬಂತು ಎಂಬುದು ಒಂದು. ಒಗೆದರೆ ಹರಕೆ ಮುಟ್ಟುತ್ತದೆ ಎನ್ನುವುದು ನಿಜವೇ ಎಂಬುದು ಇನ್ನೊಂದು. ಕಾಲಡಿ ಬಿದ್ದು ಹಾಳಾಗುವ ಹಣ್ಣನ್ನು ದಾಸೋಹಕ್ಕೇ ಕೊಟ್ಟರೆ ಆಗದೇ ಎಂಬುದು ಮೂರನೆಯದು. ಜೋರಾಗಿ ಬಂದ ಉತ್ತತ್ತಿ ಯಾರ ಕಣ್ಣಿಗಾದರೂ ಬಡಿದರೆ ಏನು ಗತಿ ಎಂಬುದು ನಾಲ್ಕನೆಯದು.

ಇವುಗಳಲ್ಲಿ ಎರಡನೆಯದು ಮಾತ್ರ ನಂಬಿಕೆಯನ್ನು ನೇರವಾಗಿ ತಟ್ಟುತ್ತದೆ. ಮೊದಲನೆಯದು ಚರಿತ್ರೆಗೆ ಸೇರಿದ್ದು, ಕೊನೆಯದು ಜನರ ಸುರಕ್ಷತೆಗೆ. ಮೂರನೆಯದಂತೂ ಭಕ್ತಿಯ ಒಳಗಿನಿಂದಲೇ ಹುಟ್ಟಿದ್ದು. ಹಸಿದು ಬಂದವರಿಗೆ ಅನ್ನ ನೀಡಿದ್ದಕ್ಕೇ ಹೆಸರಾದ ಶರಣರ ಜಾತ್ರೆಯಲ್ಲಿ ತಿನ್ನುವ ಪದಾರ್ಥದ ಬಗ್ಗೆ ಮನಸ್ಸು ಚುರುಕ್ಕೆನ್ನುವುದು ಸಹಜ. ಆದರೂ ಈ ನಾಲ್ಕಕ್ಕೂ ಸಿಗುವ ಮರುಮಾತು ಹೆಚ್ಚಾಗಿ ಒಂದೇ: "ಭಾಳ ಶ್ಯಾಣ್ಯಾ ಆಗಬ್ಯಾಡ. ಹಿಂಗೆಲ್ಲಾ ಕೇಳಬಾರದು." ಕೇಳಿದ್ದೇನು ಎಂದು ತಿಳಿಯುವ ಮೊದಲೇ ಕೇಳಿದವನು ಎಂಥವನು ಎಂದು ತೀರ್ಮಾನವಾಗಿಬಿಡುತ್ತದೆ. ನಾಸ್ತಿಕ, ಸೊಕ್ಕಿನವ, ಯಾರೋ ತಲೆ ಕೆಡಿಸಿದವ, ಧರ್ಮ ಬದಲಾಯಿಸಲು ಹೊರಟವ, ಮನೆಯಲ್ಲಿ ಏನೋ ಕಷ್ಟ ಬಂದು ದೇವರ ಮೇಲೆ ಮುನಿಸಿಕೊಂಡವ ಎಂಬ ಐದು ಹಣೆಪಟ್ಟಿಗಳೇ ತಿರುಗಿ ತಿರುಗಿ ಬರುತ್ತವೆ. ಇವು ಯಾಕೆ ಇಷ್ಟು ಬೇಗ ಬಾಯಿಗೆ ಬರುತ್ತವೆ, ಯಾಕೆ ಅಷ್ಟೇ ಸಲೀಸಾಗಿ ತಪ್ಪುತ್ತವೆ ಎಂಬುದನ್ನು ಬಿಡಿಸಿ ನೋಡಬೇಕು.

ಊಹೆ ಹುಟ್ಟುವ ಬಗೆ

1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಮತ್ತು ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಯಾವ ಪಕ್ಷ ಹಿಡಿದು ಬರೆಯಬೇಕು ಎಂಬುದನ್ನು ಬರೆದವರು ಆರಿಸಿಕೊಂಡಿಲ್ಲ, ಅದನ್ನು ಅವರಿಗೆ ಗೊತ್ತುಮಾಡಿ ಕೊಡಲಾಗಿತ್ತು ಎಂದು ಓದುಗರಿಗೆ ಸ್ಪಷ್ಟವಾಗಿ ತಿಳಿಸಿದಾಗಲೂ, ಪರವಾಗಿ ಬರೆದವರು ಒಳಗೊಳಗೆ ಕ್ಯಾಸ್ಟ್ರೋ ಪರವೇ ಇರಬೇಕೆಂದು ಓದುಗರು ಅಂದಾಜಿಸಿದರು. ಮಾತಿನ ಹಿಂದಿನ ಸಂದರ್ಭ ಕಣ್ಣೆದುರಿಗಿದ್ದರೂ ಮನಸ್ಸು ಅದನ್ನು ಬದಿಗಿಟ್ಟು, ಮಾತನ್ನು ಆಡಿದವರ ಸ್ವಭಾವಕ್ಕೇ ಕಟ್ಟುತ್ತದೆ.

ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ 'ಹರಕೆಯಿಂದ ಫಲವಿಲ್ಲ' ಎಂಬ ಪಕ್ಷ ಚೀಟಿಯಲ್ಲಿ ಬಂದಿತೆಂದು ಮಾತಾಡಿದ ಹುಡುಗಿಯ ವಿಡಿಯೋ ಊರಿಗೆ ಬಂದರೆ ಆಗುವುದು ಇದೇ. ಚೀಟಿಯ ಸಂಗತಿ ಯಾರಿಗೂ ಬೇಡ, 'ಇಂಥವರ ಮಗಳು ಹಿಂಗಂದಳಂತ' ಎಂಬುದಷ್ಟೇ ಉಳಿಯುತ್ತದೆ. ನಮ್ಮ ಭಾಗದ ಊರುಗಳಲ್ಲಿ ಪ್ರತಿಯೊಬ್ಬರೂ ಇಂಥ ಮನೆಯವರು, ಇಂಥ ಮಠದ ಒಕ್ಕಲು, ಇಂಥ ಮಸೀದಿಯ ಜಮಾತಿನವರು ಎಂದೇ ಗುರುತು. ಹೀಗಾಗಿ ಒಬ್ಬರ ಪ್ರಶ್ನೆ ಇಡೀ ಮನೆತನದ ಹೆಸರಿಗೆ ಅಂಟುತ್ತದೆ, ನೆಂಟಸ್ತನದ ಮಾತುಕತೆಯವರೆಗೂ ಹೋಗುತ್ತದೆ. ತಂದೆ ತಾಯಿ ಗದರುವುದು ಎಷ್ಟೋ ಸಲ ದೇವರ ಮೇಲಿನ ಕಾಳಜಿಯಿಂದಲ್ಲ, ಓಣಿಯ ಮಂದಿಯ ಅಂಜಿಕೆಯಿಂದ.

ಇನ್ನೊಂದು ಕಾರಣವಿದೆ, ಎಲ್ಲಕ್ಕಿಂತ ದೊಡ್ಡದು ಅದೇ. ಕೇಳಿಸಿಕೊಂಡವರಿಗೆ ಉತ್ತರ ಗೊತ್ತಿರುವುದಿಲ್ಲ. ನಲವತ್ತು ವರ್ಷ ಮಾಡಿಕೊಂಡು ಬಂದದ್ದಕ್ಕೆ ಕಾರಣ ಹೇಳಲು ಬಾರದಿದ್ದಾಗ ಮುಜುಗರವಾಗುತ್ತದೆ. ಆ ಮುಜುಗರ ಸಿಟ್ಟಿನ ರೂಪದಲ್ಲಿ ಹೊರಬರುತ್ತದೆ. ಆಗ 'ನನಗೆ ಗೊತ್ತಿಲ್ಲ' ಎನ್ನುವುದಕ್ಕಿಂತ 'ನಿನಗೆ ನಂಬಿಕೆ ಇಲ್ಲ' ಎನ್ನುವುದು ಸುಲಭ.

'ನಂಬಿಕೆ ಇಲ್ಲದ್ದಕ್ಕೇ ಕೇಳುತ್ತಾನೆ'

ಮೊದಲು ಲೆಕ್ಕ ನೋಡೋಣ. 2019ರ ನವೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಭಾರತದಲ್ಲಿ ಸುಮಾರು 30,000 ವಯಸ್ಕರನ್ನು 17 ಭಾಷೆಗಳಲ್ಲಿ ಮಾತಾಡಿಸಿತು. ದೇವರನ್ನು ನಂಬುತ್ತೇವೆ ಎಂದವರು ಶೇ. 97. ನೂರರಲ್ಲಿ ತೊಂಬತ್ತೇಳು ಮಂದಿ ನಂಬುವ ದೇಶದಲ್ಲಿ ಪ್ರಶ್ನೆ ಕೇಳುವವರಲ್ಲೂ ಬಹುಪಾಲು ನಂಬುವವರೇ ಇರಬೇಕಲ್ಲವೇ? ನಂಬದ ಮೂವರೇ ಎಲ್ಲರ ಪಾಲಿನ ಪ್ರಶ್ನೆಗಳನ್ನೂ ಕೇಳಲಾರರು. 2011ರ ಜನಗಣತಿಯಲ್ಲಿ ಧರ್ಮ ಹೇಳದವರ ಸಂಖ್ಯೆ ದೇಶದಲ್ಲಿ 28.7 ಲಕ್ಷ, ಅಂದರೆ ಶೇ. 0.24. ಅವರೆಲ್ಲ ನಾಸ್ತಿಕರು ಎಂದೂ ಹೇಳಲಾಗದು, ಆ ಕಾಲಂ ಖಾಲಿ ಬಿಡಲು ಬೇರೆ ಕಾರಣಗಳೂ ಇರುತ್ತವೆ.

ಅದೇ ಪ್ಯೂ ಸಮೀಕ್ಷೆಯಲ್ಲಿ ಇನ್ನೊಂದು ಅಂಶವಿದೆ. ಬೌದ್ಧರಲ್ಲಿ ಸುಮಾರು ಮೂರನೇ ಒಂದು ಭಾಗದವರು ದೇವರನ್ನು ನಂಬುವುದಿಲ್ಲ ಎಂದರು. ಅವರಿಗೆ ಧರ್ಮವಿದೆ, ವಿಹಾರವಿದೆ, ವಂದನೆಯಿದೆ, ಶೀಲಗಳಿವೆ. 2009ರಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರಕ್ಕೆ ಕುಟುಂಬಸಮೇತ ಹೋಗಿ ಕೈ ಮುಗಿಯುವವರಲ್ಲೂ ಇಂಥವರು ಇರುತ್ತಾರೆ. ಅಂದರೆ ದೇವರಿದ್ದಾನೆಯೇ ಎಂದು ಕೇಳುವುದೂ ಧರ್ಮವೇ ಬೇಡ ಎನ್ನುವುದೂ ಎರಡು ಬೇರೆ ಮಾತು. ಇವೆರಡನ್ನು ಒಂದಾಗಿಸುವುದೇ ಈ ವಿಷಯದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು.

ಮನೋವಿಜ್ಞಾನದಲ್ಲೂ ಇದಕ್ಕೆ ಜಾಗವಿದೆ. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1960ರ ದಶಕದಲ್ಲಿ ಧಾರ್ಮಿಕತೆಯನ್ನು ಎರಡಾಗಿ ವಿಂಗಡಿಸಿದ್ದರು. ಲಾಭ, ಮಾನ, ನೆರೆಹೊರೆಗಾಗಿ ಧರ್ಮ ಪಾಲಿಸುವುದು ಒಂದು, ಧರ್ಮವನ್ನೇ ಬದುಕಿನ ನಡುಗಂಬ ಮಾಡಿಕೊಳ್ಳುವುದು ಇನ್ನೊಂದು. 1976ರಲ್ಲಿ ಡೇನಿಯಲ್ ಬ್ಯಾಟ್ಸನ್ ಇದಕ್ಕೆ ಮೂರನೆಯದನ್ನು ಸೇರಿಸಿದರು. ಹುಡುಕುತ್ತ, ಅನುಮಾನವನ್ನು ಒಪ್ಪಿಕೊಳ್ಳುತ್ತ, ಕೊನೆಯ ಉತ್ತರ ಸಿಗದಿದ್ದರೂ ಕೇಳುವುದನ್ನು ಬಿಡದೆ ಧರ್ಮದಲ್ಲಿ ಇರುವ ರೀತಿ ಅದು. ಅವರ ಲೆಕ್ಕದಲ್ಲಿ ಇದು ಧರ್ಮದಿಂದ ಹೊರಗೆ ಹೋಗುವ ದಾರಿಯ ಮೆಟ್ಟಿಲಲ್ಲ, ಧಾರ್ಮಿಕನಾಗಿರುವ ಒಂದು ಬಗೆ.

ಈ ಮಾತಿಗಾಗಿ ಅಮೆರಿಕದ ತನಕ ಹೋಗಬೇಕಾಗಿಯೂ ಇಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದ ನೆನಪಿನ ಸುತ್ತ ಕಟ್ಟಿದ ಶೂನ್ಯಸಂಪಾದನೆ ಇಡೀ ಪ್ರಶ್ನೋತ್ತರದ ಗ್ರಂಥ. ಅದು ರೂಪುಗೊಂಡದ್ದು ಶರಣರ ಕಾಲದ ಮೂರು ಶತಮಾನಗಳ ನಂತರ, 15ನೇ ಶತಮಾನದಲ್ಲಿ. ಆದ್ದರಿಂದ ಅನುಭವ ಮಂಟಪದಲ್ಲಿ ಪ್ರತಿ ಮಾತೂ ಹಾಗೇ ನಡೆಯಿತು ಎನ್ನಲು ಅದು ದಾಖಲೆಯಾಗದು. ಆದರೆ ಆ ಸಮುದಾಯ ತನ್ನ ಹಿರಿಯರನ್ನು ಹೇಗೆ ನೆನೆಯಲು ಬಯಸಿತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಸುಮ್ಮನೆ ಸ್ವಾಗತಿಸುವುದಿಲ್ಲ. ನಿನ್ನ ಗಂಡನ ಕುರುಹು ಹೇಳು, ಉಡುಗೆ ಬಿಟ್ಟವಳು ಕೂದಲಿನಿಂದ ಯಾಕೆ ಮೈ ಮುಚ್ಚಿಕೊಂಡೆ ಎಂದು ಒಂದರ ಮೇಲೊಂದು ಕೇಳುತ್ತಾನೆ. ಆಕೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಅಲ್ಲಿ ಪ್ರಶ್ನೆಗಿರುವ ಕೆಲಸ ಒಳಗೆ ಕರೆದುಕೊಳ್ಳುವುದು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಹೀಗೆಯೇ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳಿಸುತ್ತಾಳೆ. ಭಕ್ತಿ ಕಡಿಮೆಯಾಗಿ ಕೇಳಿದ ಪ್ರಶ್ನೆ ಎಂದು ಅದನ್ನು ಇಂದಿಗೂ ಯಾರೂ ಅನ್ನುವುದಿಲ್ಲ.

ಅದೇ ಕಲ್ಯಾಣದ ನೆಲದಲ್ಲಿ, ಲಿಂಗಾಯತ ಮನೆಯ ಒಬ್ಬ ಹುಡುಗಿ ತಿಂಗಳ ದಿನಗಳಲ್ಲಿ, "ಯವ್ವಾ, ನಾ ಯಾಕ ಹೊರಗ ಕೂಡಬೇಕು? ಲಿಂಗ ಯಾಕ ಮುಟ್ಟಬಾರದು?" ಎಂದು ಕೇಳಿದರೆ ಏನಾಗುತ್ತದೆ? ಕಾಲೇಜಿಗೆ ಕಳಿಸಿದ್ದೇ ತಪ್ಪಾಯಿತು ಎಂಬ ಮಾತು ಬರುತ್ತದೆ. ಆದರೆ ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಇಷ್ಟಲಿಂಗ ಕಟ್ಟಿಕೊಂಡವರಿಗೆ ಇವು ತಟ್ಟುವುದಿಲ್ಲ ಎಂಬುದು ಆ ಧರ್ಮದ ನೆಲೆಗಟ್ಟಿನ ಮಾತು. ಅಂದಮೇಲೆ ಆ ಹುಡುಗಿ ಧರ್ಮದ ವಿರುದ್ಧ ಕೇಳುತ್ತಿಲ್ಲ, ಧರ್ಮದ ಪರವಾಗಿ ರೂಢಿಯನ್ನು ಪ್ರಶ್ನಿಸುತ್ತಿದ್ದಾಳೆ. ಮನೆಯವರ ಊಹೆ ಇಲ್ಲಿ ಅರ್ಧ ತಪ್ಪಲ್ಲ, ಪೂರ್ತಿ ತಲೆಕೆಳಗು. ಇದೇ ಪ್ರಶ್ನೆಯನ್ನು ಆಕೆಯ ಅಣ್ಣ ಕೇಳಿದ್ದರೆ 'ಓದಿಕೊಂಡಾನ, ವಿಚಾರ ಮಾಡತಾನ' ಎನ್ನುವ ಮಂದಿಯೇ ಆಕೆಯ ಮಾತನ್ನು ನಡತೆಗೆ ತಳುಕು ಹಾಕುತ್ತಾರೆ. ಹೆಣ್ಣುಮಕ್ಕಳು ಒಂದೆರಡು ಸಲ ಕೇಳಿ ಸುಮ್ಮನಾಗುವುದು ಅನುಮಾನ ತೀರಿತೆಂದಲ್ಲ, ಕೇಳಿದ್ದಕ್ಕೆ ತೆರಬೇಕಾದ ಬೆಲೆ ಹೆಚ್ಚಾಯಿತೆಂದು.

'ಯಾರೋ ತಲೆ ಕೆಡಿಸಿದ್ದಾರೆ'

ಮೊಬೈಲು, ಹಾಸ್ಟೆಲು, ಬೆಂಗಳೂರು, ಗೆಳೆಯರು ಎಂದು ಈ ಊಹೆ ಯಾವಾಗಲೂ ಹೊರಗೊಬ್ಬ ಅಪರಾಧಿಯನ್ನು ಹುಡುಕುತ್ತದೆ. ಹೊಸ ಊರು, ಹೊಸ ಓದು ಪ್ರಶ್ನೆಗೆ ಪದ ಒದಗಿಸುವುದು ನಿಜ. ಆದರೆ ಪ್ರಶ್ನೆ ಹುಟ್ಟುವುದು ಹೆಚ್ಚಾಗಿ ಮನೆಯಲ್ಲೇ, ಹೇಳಿದ್ದಕ್ಕೂ ಮಾಡಿದ್ದಕ್ಕೂ ಹೊಂದಿಕೆಯಾಗದಾಗ. 'ದೇವರ ಮುಂದೆ ಎಲ್ಲರೂ ಒಂದೇ' ಎಂದು ಪ್ರವಚನದಲ್ಲಿ ಕೇಳಿದ ಮಗು ಅದೇ ಊರಿನ ಗುಡಿಯಲ್ಲಿ ಕೆಲವರು ಹೊಸ್ತಿಲ ಹೊರಗೇ ನಿಂತು ಕೈ ಮುಗಿಯುವುದನ್ನು ನೋಡಿದರೆ ಸಾಕು. ಅಲ್ಲಿ ಯಾರೂ ತಲೆ ಕೆಡಿಸಿಲ್ಲ. ಆ ಮಗು ಪ್ರವಚನವನ್ನು ಗಮನವಿಟ್ಟು ಕೇಳಿದೆ.

ಸೊಕ್ಕು ಎಂಬ ಹಣೆಪಟ್ಟಿಯೂ ಇದರ ಅಣ್ಣತಮ್ಮನೇ. ಕೇಳುವ ಧಾಟಿ ಒರಟಾಗಿರಬಹುದು, ಹದಿನೇಳರ ವಯಸ್ಸಿನಲ್ಲಿ ಉಪ್ಪಿನಕಾಯಿ ಕೇಳುವ ಧಾಟಿಯೂ ಒರಟೇ. ಧಾಟಿ ಬೇರೆ, ಪ್ರಶ್ನೆ ಬೇರೆ.

'ಧರ್ಮ ಬಿಡಲು ಹೊರಟಿದ್ದಾರೆ' ಮತ್ತು ಕಾನೂನಿನ ಅಂಜಿಕೆ

ಬೇರೆ ಧರ್ಮದವರು ಕೇಳಿದರೆ 'ಹೀಯಾಳಿಸಲು ಬಂದರು', ನಮ್ಮವರೇ ಕೇಳಿದರೆ 'ಆಚೆ ಕಡೆ ಹೊರಟರು'. ಇದರ ಜೊತೆಗೆ, ಕೇಳಿದರೆ ಕೇಸ್ ಬೀಳುತ್ತದೆ ಎಂಬ ಅಂಜಿಕೆಯೂ ಇದೆ. ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸುವ ಹಕ್ಕಿಗಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೇ ಹೆಸರಿಸುತ್ತದೆ. 1976ರಲ್ಲಿ ಸೇರಿದ 51ಎ(ಎಚ್) ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಮತ್ತು ಸುಧಾರಣೆಯ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರತಿ ನಾಗರಿಕನ ಕರ್ತವ್ಯಗಳಲ್ಲಿ ಎಣಿಸುತ್ತದೆ. ಧಾರ್ಮಿಕ ಭಾವನೆಗೆ ಧಕ್ಕೆ ತರುವ ಅಪರಾಧ ಹಿಂದೆ ದಂಡ ಸಂಹಿತೆಯ 295ಎ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299. ಶಿಕ್ಷೆ ಮೂರು ವರ್ಷದವರೆಗೆ. ಆದರೆ ಅದಕ್ಕೆ ಉದ್ದೇಶಪೂರ್ವಕವೂ ದ್ವೇಷಪೂರಿತವೂ ಆದ ಮನಸ್ಸಿನಿಂದ ಅವಮಾನಿಸಿರಬೇಕು. 1957ರ ರಾಮಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಿಯದೆ ಅಥವಾ ಅಜಾಗ್ರತೆಯಿಂದ ಆದ ಅವಮಾನಕ್ಕೆ ಈ ಕಲಂ ಅನ್ವಯಿಸದು ಎಂದಿತು. ಇಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ. ಹೀಯಾಳಿಸುವ ಚಿತ್ರಕ್ಕೆ ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಟ್ಸಾಪ್ ಗುಂಪಿಗೆ ಬಿಟ್ಟರೆ ಅದು ಪ್ರಶ್ನೆಯಾಗುವುದಿಲ್ಲ. ಕಳಿಸಿದವರ ಉದ್ದೇಶವನ್ನು ಅಳೆಯುವಾಗ ಆ ಚಿಹ್ನೆ ಯಾರನ್ನೂ ಕಾಪಾಡುವುದಿಲ್ಲ.

ಮಗುವಿನ ಬಗ್ಗೆ ಕೇಳಿದ್ದನ್ನು ದೇವರ ಬಗ್ಗೆ ಕೇಳಿದಂತೆ ಎಣಿಸಿದಾಗ

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಸಮೀಪದ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ದೇಶದ ತುಂಬ ಆಯಿತು. ಕೈಕಾಲು ಸರಿಯಾಗುತ್ತವೆ ಎಂಬ ಆಸೆ ಆ ತಂದೆ ತಾಯಿಗಳದು, ಅದರಲ್ಲಿ ಕ್ರೌರ್ಯವಿರಲಿಲ್ಲ. ಅಲ್ಲಿ ಯಾರಾದರೂ "ಕೂಸು ಅಳಲತ್ತದ, ಎದಿ ಮ್ಯಾಲ ಮಣ್ಣು ಭಾರ ಆಗ್ತದ, ಉಸಿರು ಹ್ಯಾಂಗ ತಗೋತದ?" ಎಂದು ಕೇಳಿದ್ದರೆ ಅದು ಮಗುವಿನ ಪ್ರಶ್ನೆ. ಅದಕ್ಕೆ ಉತ್ತರಿಸಲು ದೇವರಿದ್ದಾನೋ ಇಲ್ಲವೋ ಎಂಬುದು ಇತ್ಯರ್ಥವಾಗಬೇಕಿಲ್ಲ. ಇಂಥ ಕಡೆ ಕೇಳಿದವರ ಮೇಲೆ ಹಣೆಪಟ್ಟಿ ಹಚ್ಚಿದರೆ ಆಗುವ ಹಾನಿ ಮಾತಿನ ಹಾನಿಯಲ್ಲ, ಮೈಗಾಗುವ ಹಾನಿ.

ಅಫಜಲಪುರ ತಾಲ್ಲೂಕಿನ ದತ್ತ ಕ್ಷೇತ್ರ ದೇವಲ ಗಾಣಗಾಪುರಕ್ಕೆ ದೆವ್ವದ ಬಾಧೆ ಹಿಡಿದವರೆಂದು ಕರೆತರುವವರ ವಿಷಯದಲ್ಲೂ ಇದೇ ಮಾತು. "ಡಾಕ್ಟರಿಗಿ ತೋರಿಸೀರೇನ್ರಿ?" ಎಂದರೆ ದತ್ತನ ಮೇಲೆ ಅಪನಂಬಿಕೆ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಸೇವೆಗೆ ಕೂಡುವುದನ್ನೂ ಗುಳಿಗೆ ನುಂಗುವುದನ್ನೂ ಒಟ್ಟಿಗೆ ಮಾಡಬಹುದು, ಒಂದು ಇನ್ನೊಂದನ್ನು ತಡೆಯುವುದಿಲ್ಲ. ಕೇಳುವವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, "ಸೇವಾ ನಡೀಲಿ, ಜೋಡಿಗೆ ಡಾಕ್ಟರಿಗೂ ತೋರಸರಿ" ಎಂದರೆ ನೋವು ಅರ್ಧ ಕಡಿಮೆಯಾಗುತ್ತದೆ. ಮಾನಸಿಕ ಅಸ್ವಸ್ಥರನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ನಿಷೇಧಿಸಿದೆ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಸಂಕ್ರಾಂತಿಯ ಮೈಲಾರಲಿಂಗನ ಜಾತ್ರೆಗೆ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ರೂಢಿ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ ಮರಿಗಳನ್ನು ದಾರಿಯಲ್ಲೇ ವಶಕ್ಕೆ ತೆಗೆದುಕೊಳ್ಳಲು ಶುರುಮಾಡಿತು. ಜಾತ್ರೆ ನಿಂತಿಲ್ಲ, ಪಲ್ಲಕ್ಕಿ ನಿಂತಿಲ್ಲ, ಮೈಲಾರನ ಮೇಲಿನ ಭಕ್ತಿಯೂ ನಿಂತಿಲ್ಲ. ಮೌಢ್ಯಾಚರಣೆ ತಡೆಯಲು ಕರ್ನಾಟಕ 2017ರಲ್ಲಿ ಮಾಡಿದ ಕಾಯ್ದೆಯೂ ಮೈಮೇಲೆ ಗಾಯ ಮಾಡುವ, ಮಾನ ಕಳೆಯುವ ಆಚರಣೆಗಳನ್ನು ನಿಷೇಧಿಸುತ್ತಲೇ ಪ್ರದಕ್ಷಿಣೆ, ಯಾತ್ರೆ, ಪ್ರವಚನ, ಭಜನೆಗಳನ್ನು ಹೊರಗಿಟ್ಟಿದೆ.

ದುಃಖದ ಪ್ರಶ್ನೆ

ಐದನೇ ಊಹೆ, 'ಕಷ್ಟ ಬಂದದ್ದಕ್ಕೆ ಕೇಳುತ್ತಾರೆ' ಎಂಬುದು, ಕೆಲವು ಸಲ ನಿಜವೇ. "ದೇವರಿದ್ದರ ನನ್ನ ಮಗನ್ನ ಯಾಕ ಒಯ್ದ?" ಎಂದು ತಾಯಿ ಕೇಳುವಾಗ ಅದು ಪ್ರಶ್ನೆಯ ರೂಪದ ಅಳು. ಇಲ್ಲಿ ತಪ್ಪಾಗುವುದು ಊಹೆಯಲ್ಲಲ್ಲ, ಉತ್ತರದಲ್ಲಿ. ಹಿಂದಿನ ಜನ್ಮದ ಕರ್ಮ, ಅಲ್ಲಾಹನ ಮರ್ಜಿ, ದೇವರ ಚಿತ್ತ ಎಂದು ಮಣ್ಣು ಕೊಟ್ಟು ಬಂದ ದಿನವೇ ವಿವರಿಸಲು ಹೋಗುವವರು ಒಳ್ಳೆಯ ಮನಸ್ಸಿನವರೇ, ಆದರೆ ಆ ಮಾತು 'ನಿನ್ನ ತಪ್ಪಿನಿಂದಲೇ ಆಯಿತು' ಎಂದು ಕೇಳಿಸುತ್ತದೆ. ಪಕ್ಕದಲ್ಲಿ ಕೂಡುವುದು, ಒಂದೊಪ್ಪತ್ತು ರೊಟ್ಟಿ ಪಲ್ಯೆ ಮಾಡಿ ಒಯ್ಯುವುದು, ಹೋದವನ ಹೆಸರು ಹಿಡಿದು ಮಾತಾಡುವುದು ಸಾಕು. ತಿಂಗಳುಗಳಾದ ಮೇಲೆ ಅವರೇ ಮತ್ತೆ ಶಾಂತವಾಗಿ ಅದೇ ಮಾತು ಎತ್ತಿದರೆ ಆಗ ಅದು ನಿಜವಾದ ಪ್ರಶ್ನೆ, ಆಗ ಚರ್ಚಿಸಬಹುದು. ವಾರಗಟ್ಟಲೆ ಊಟ ನಿದ್ದೆ ಇಲ್ಲದಿದ್ದರೆ, ಸಾಯುವ ಮಾತು ಬಂದರೆ, ಗುರುಗಳಿಗಿಂತ ಮೊದಲು ವೈದ್ಯರಿಗೆ ತೋರಿಸಬೇಕು.

ಆಚೆ ಪಕ್ಷದವರ ಊಹೆ

ವಿಚಾರವಾದಿಗಳೂ ಇದರಿಂದ ಹೊರತಲ್ಲ. ಪ್ರಶ್ನೆ ಕೇಳಿದವನು ತಮ್ಮ ಕಡೆಗೆ ಬಂದನೆಂದು ಎಣಿಸಿ ಬೆನ್ನು ತಟ್ಟುತ್ತಾರೆ. ಅವನು ಮರುದಿನ ವಿಭೂತಿ ಹಚ್ಚಿಕೊಂಡು ಬಂದರೆ ಅಂಜುಬುರುಕ ಎನ್ನುತ್ತಾರೆ. ಕೇಳದೆ ಪೂಜೆ ಮಾಡುವವರು ಯಾವತ್ತೂ ಯೋಚಿಸಿಯೇ ಇಲ್ಲ ಎಂಬುದೂ ಅವರದೊಂದು ಊಹೆ. ಬುದ್ಧನು ಕೇಸಪುತ್ತ ಎಂಬ ಊರಿನ ಕಾಲಾಮ ಜನರಿಗೆ ಹೇಳಿದ ಉಪದೇಶವನ್ನು ಇಂಥ ಕಡೆ ಅರ್ಧ ಉಲ್ಲೇಖಿಸುವುದು ರೂಢಿ. ಕೇಳಿಬಂದದ್ದೆಂದು, ಪರಂಪರೆಯೆಂದು, ಗ್ರಂಥದಲ್ಲಿದೆಯೆಂದು, ಗುರು ಹೇಳಿದನೆಂದು ಒಪ್ಪಬೇಡಿ ಎಂಬ ಭಾಗ ಎಲ್ಲರಿಗೂ ಗೊತ್ತು. ಬರಿಯ ತರ್ಕಕ್ಕೆ ಸರಿಹೊಂದಿತೆಂದೂ ಒಪ್ಪಬೇಡಿ ಎಂಬುದು ಅದೇ ಪಟ್ಟಿಯಲ್ಲಿದೆ. ಯಾವುದು ಹಾನಿ ತರುತ್ತದೆ, ಯಾವುದು ಹಿತ ತರುತ್ತದೆ ಎಂದು ನೀವೇ ತಿಳಿದು ಬಿಡಿ ಅಥವಾ ನಡೆಯಿರಿ ಎಂಬಲ್ಲಿ ಅದು ಮುಗಿಯುತ್ತದೆ.

ಪ್ರಶ್ನೆಯನ್ನು ಗುರುತಿಸುವ ಕ್ರಮ

ಮನುಷ್ಯನನ್ನು ಬಿಟ್ಟು ಪ್ರಶ್ನೆಯನ್ನೇ ಅಳೆಯುವ ಸಾಧನ ನಮ್ಮ ಶಾಸ್ತ್ರಗಳಲ್ಲೇ ಇದೆ. ತರ್ಕಶಾಸ್ತ್ರದ ಹಳೆಯ ಗ್ರಂಥವಾದ ನ್ಯಾಯಸೂತ್ರ ಎಣಿಸುವ ಹದಿನಾರು ವಿಷಯಗಳಲ್ಲಿ ಸಂಶಯ ಮೂರನೆಯದು. ಸಂಶಯವಿಲ್ಲದೆ ವಿಚಾರ ಶುರುವಾಗುವುದೇ ಇಲ್ಲ. ಅದೇ ಪಟ್ಟಿಯಲ್ಲಿ ಮುಂದೆ ವಾದ, ಜಲ್ಪ, ವಿತಂಡ ಬರುತ್ತವೆ. ನಿಜ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಎದುರಿನವರದನ್ನು ಕೆಡವಲಷ್ಟೇ ನಡೆಸುವುದು ವಿತಂಡ. ಮಳಖೇಡದಲ್ಲಿ ಕಾಗಿಣಾ ದಂಡೆಯ ಬೃಂದಾವನಕ್ಕೆ ಹೋಗುವ ಭಕ್ತರು ಪೂಜಿಸುವ ದ್ವೈತ ಮತದ ಜಯತೀರ್ಥರ ಟೀಕೆಗಳೂ, ಅಂದರೆ ವ್ಯಾಖ್ಯಾನಗಳೂ, ಪೂರ್ವಪಕ್ಷ ಹಿಡಿದೇ ಸಾಗುತ್ತವೆ. ಎದುರಾಳಿಯ ಆಕ್ಷೇಪವನ್ನು ಮೊದಲು ಇಟ್ಟು, ಆಮೇಲೆ ಸಿದ್ಧಾಂತ. ಆಕ್ಷೇಪ ಬರೆದ ಮಾತ್ರಕ್ಕೆ ಟೀಕಾಕಾರರನ್ನು ಯಾರೂ ಆಚೆ ಪಕ್ಷದವರೆನ್ನುವುದಿಲ್ಲ.

ಇದನ್ನು ಮನೆಯಲ್ಲಿ ಬಳಸುವುದು ಹೀಗೆ. ಪ್ರಶ್ನೆ ಬಂದಾಗ "ಯಾಕ ಕೇಳಲತ್ತಿ?" ಎನ್ನಬೇಡಿ. ಆ ಮಾತು ಜವಾಬು ಕೇಳಿದಂತಿರುತ್ತದೆ, ಎದುರಿನವರು ತಕ್ಷಣ ಬಚಾವಿಗೆ ನಿಲ್ಲುತ್ತಾರೆ. "ಏನ್ ನೋಡಿ ಈ ಮಾತು ಬಂತು?" ಎಂದು ಕೇಳಿ. ಆಗ ಸಂದರ್ಭ ಹೊರಬರುತ್ತದೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಅವರ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಹೌದೇ ಎಂದು ಕೇಳಿ. ಅದು ಆಚರಣೆಯ ಬಗ್ಗೆಯೋ, ನಂಬಿಕೆಯ ಬಗ್ಗೆಯೋ, ಗುಡಿ ಮಸೀದಿ ಮಠ ನಡೆಸುವವರ 'ವ್ಯವಸ್ಥೆ'ಯ ಬಗ್ಗೆಯೋ ಎಂದು ಬೇರ್ಪಡಿಸಿ. ಜಾತ್ರೆಗೆ ಎತ್ತಿದ ಪಟ್ಟಿಯ (ವಂತಿಗೆಯ) ಲೆಕ್ಕ ಕೇಳಿದವರನ್ನು ದೇವರ ವಿರೋಧಿ ಎನ್ನುವುದು ಈ ಮೂರನ್ನು ಕಲಸಿದ್ದರ ಫಲ. ಜಗಳಕ್ಕೇ ಕೇಳುತ್ತಿದ್ದಾರೆಂದು ಅನ್ನಿಸಿದರೆ "ಇದಕ್ಕ ನಿನಗ ಏನ್ ಅನಸ್ತದ?" ಎಂದು ತಿರುಗಿ ಕೇಳಿ. ತಿಳಿಯಲು ಕೇಳಿದವರು ತಡವರಿಸಿಯಾದರೂ ಏನೋ ಹೇಳುತ್ತಾರೆ, ವಿತಂಡದವರು ಮತ್ತೊಂದು ಪ್ರಶ್ನೆಗೆ ಜಿಗಿಯುತ್ತಾರೆ.

ಉತ್ತರ ಕೊಡುವಾಗ ಆಗುವ ದೊಡ್ಡ ತಪ್ಪು ಇಲ್ಲದ ವಿಜ್ಞಾನ ಕಟ್ಟುವುದು. ಗಂಟೆಯ ನಾದಕ್ಕೆ ಕ್ರಿಮಿ ಸಾಯುತ್ತವೆ, ಗ್ರಹಣದಲ್ಲಿ ಅನ್ನ ವಿಷವಾಗುತ್ತದೆ ಎಂದು ಹೇಳಿದರೆ ಆ ಕ್ಷಣಕ್ಕೆ ಮಗು ಸುಮ್ಮನಾಗಬಹುದು. ಗ್ರಹಣವೆಂದರೆ ಒಂದು ನೆರಳು, ನೆರಳಿನಿಂದ ಅನ್ನ ಕೆಡುವುದಿಲ್ಲ ಎಂದು ಎಂಟನೇ ತರಗತಿಯಲ್ಲಿ ಓದಿದ ದಿನ ಅದು ಆ ಒಂದು ಮಾತನ್ನಲ್ಲ, ನೀವು ಹೇಳಿದ ಎಲ್ಲವನ್ನೂ ಅನುಮಾನಿಸುತ್ತದೆ. ಅದರಲ್ಲಿ ನಿಜವಾದದ್ದೂ ಕೊಚ್ಚಿಹೋಗುತ್ತದೆ. "ನಮ್ಮ ಮನ್ಯಾಗ ಹಿಂದಿಲಿಂದ ನಡದು ಬಂದದ, ಕಾರಣ ನನಗೂ ಗೊತ್ತಿಲ್ಲ. ಗಂಟಿ ಬಾರಿಸಿದರ ನನ್ನ ಮನಸ ನಿಲ್ಲತದ" ಎನ್ನುವುದು ಪೂರ್ತಿ ಪ್ರಾಮಾಣಿಕ ಉತ್ತರ, ಅದನ್ನು ಯಾವ ಪಾಠವೂ ಸುಳ್ಳು ಮಾಡಲಾರದು.

ಕೇಳುವವರಿಗೂ ಕೆಲವು ಮಾತು. ಮಂಗಳಾರತಿಯ ನಡುವೆ, ದಾಸೋಹದ ಪಂಕ್ತಿಯಲ್ಲಿ, ಸಾವಿನ ಮನೆಯಲ್ಲಿ ಕೇಳಿದರೆ ಎಂಥ ಒಳ್ಳೆಯ ಪ್ರಶ್ನೆಯೂ ಅವಮಾನವಾಗಿ ಕೇಳಿಸುತ್ತದೆ. ಶ್ರಾವಣದ ಪುರಾಣದಲ್ಲಿ ಮಂಗಲವಾದ ಮೇಲೆ ಪ್ರವಚನಕಾರರು ಕುಳಿತಿರುವಾಗ ಹೋಗಿ. ನಮಾಜು ಮುಗಿದ ಮೇಲೆ ಮೌಲಾನಾರಿಗೆ ಮಸಲಾ, ಅಂದರೆ ಧರ್ಮದ ನಿಯಮದ ಪ್ರಶ್ನೆ, ಕೇಳುವ ಪದ್ಧತಿ ಮಸೀದಿಗಳಲ್ಲಿ ಇದ್ದೇ ಇದೆ. ತಿಳಿಯದಿದ್ದರೆ ತಿಳಿದವರನ್ನು ಕೇಳಿ ಎಂಬುದು ಕುರಾನಿನದೇ ಮಾತು. ಕ್ರೈಸ್ತರಲ್ಲಿ ಪ್ರಶ್ನೋತ್ತರದ ರೂಪದ ಧರ್ಮಬೋಧೆಯೂ ಇದೆ. ಆದರೆ ಎಲ್ಲ ಕಡೆಯೂ ಕೇಳಲು ಒಪ್ಪಿತವಾದ ಪ್ರಶ್ನೆಗಳ ಒಂದು ಬಳಕೆಯ ಪಟ್ಟಿ ಇರುತ್ತದೆ. ವಜೂ (ನಮಾಜಿಗೆ ಮುಂಚಿನ ಶುದ್ಧಿ) ಹೇಗೆ ಮುರಿಯುತ್ತದೆ, ಏಕಾದಶಿಗೆ ಏನು ತಿನ್ನಬಹುದು ಎಂದು ಕೇಳಿದರೆ ಯಾರಿಗೂ ಸಿಟ್ಟು ಬಾರದು. ನಿಮ್ಮ ಪ್ರಶ್ನೆ ಪಟ್ಟಿಯ ಹೊರಗಿನದು ಎಂದು ಗೊತ್ತಿದ್ದರೆ ಮಂದಿಯೆದುರು ಕೇಳಬೇಡಿ, ಒಬ್ಬರೇ ಇದ್ದಾಗ ಕೇಳಿ. ಹತ್ತು ಮಂದಿಯ ಮುಂದೆ ಉತ್ತರಿಸುವವರು ನಿಮಗೆ ಉತ್ತರಿಸುವುದಿಲ್ಲ, ಆ ಹತ್ತು ಮಂದಿಗೆ ಉತ್ತರಿಸುತ್ತಾರೆ. ನಿಮಗೆ ಈಗಾಗಲೇ ತಿಳಿದಿರುವುದನ್ನು ಮೊದಲು ಹೇಳಿ, ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಎರಡು ದಿನ ಬೇಕೆಂದರೆ ಕೊಡಿ.

ಬೇರೆ ಧರ್ಮದವರನ್ನು ಕೇಳುವಾಗ ಏನು ಮಾಡುತ್ತಾರೆ ಎಂಬುದರಿಂದ ಶುರುಮಾಡುವುದು ಒಳ್ಳೆಯದು. ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಉರುಸಿನಲ್ಲಿ ಸಂದಲಿನ (ಗಂಧದ) ದಿನ ಏನೇನು ನಡೆಯುತ್ತದೆ ಎಂದು ಕೇಳಿದರೆ ಯಾರಾದರೂ ಸಂತೋಷದಿಂದ ಹೇಳುತ್ತಾರೆ. ಅದು ನಿಮಗೆ ಏನು ಎಂಬುದು ಅದರ ನಂತರದ ಪ್ರಶ್ನೆ. ಉತ್ತರ ಬಂದ ಕೂಡಲೇ "ನಮ್ಮಲ್ಲಿ ಹಿಂಗಿಲ್ಲ ನೋಡ್ರಿ" ಎಂದು ಸೇರಿಸಿದರೆ ಕೇಳಿದ್ದೆಲ್ಲ ಹೋಲಿಕೆಗಾಗಿಯೇ ಎಂದಾಗುತ್ತದೆ, ಮುಂದಿನ ಸಲ ಬಾಗಿಲು ಮುಚ್ಚುತ್ತದೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಜಂಗಮರು ಬರುತ್ತಾರೆ, ಎರಡೂ ಧರ್ಮದವರು ಸೇರುತ್ತಾರೆ. ಒಬ್ಬರಿಗೆ ಅವರು ವಲಿ, ಅಂದರೆ ಸಂತ, ಇನ್ನೊಬ್ಬರಿಗೆ ಅಲ್ಲಮಪ್ರಭು. ಅಲ್ಲಿ "ಇವರು ಯಾರ್ರೀ?" ಎಂದು ಕೇಳುವವರು ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಕೇಳಬೇಕು, ಒಬ್ಬರ ಉತ್ತರವನ್ನು ಇನ್ನೊಬ್ಬರ ಮುಂದಿಟ್ಟು ಯಾವುದು ಖರೇ ಎಂದು ಅಲ್ಲೇ ತೀರ್ಪು ಕೇಳಬಾರದು.